ಮುಂಡರಗಿಯ ಹಲ್ಲೂ ಹರಳಿನ ವಿಜ್ಞಾನವೂ

ಗದಗ ಜಿಲ್ಲೆಯ ಅಂತರ್ಜಲದ ಮಾತು ಬಂದರೆ ಫ್ಲೋರೈಡ್ ಹೆಸರು ಬಂದೇ ಬರುತ್ತದೆ. ಮುಂಡರಗಿ ತಾಲ್ಲೂಕಿನಲ್ಲಂತೂ ಖಂಡಿತ, ಶಿರಹಟ್ಟಿ ಕಡೆಯೂ ಅಲ್ಲಲ್ಲಿ. ನೆಲದಡಿಯ ಗ್ರಾನೈಟ್, ನೈಸ್ ಶಿಲೆಗಳೊಳಗಿನ ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿಂದ ಅದು ಕರಗಿ ಬೋರ್‌ವೆಲ್ ನೀರಿಗೆ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದು ಬೆಳೆದ ಮಕ್ಕಳ ಹಲ್ಲು ಹೊಳಪುಗೆಟ್ಟು, ಬಿಳಿ ಮಚ್ಚೆಯೆದ್ದು, ಬರುಬರುತ್ತ ಕಂದು ಗೆರೆ ಹಿಡಿಯುತ್ತದೆ. ತಪ್ಪು ನೀರಿನದು ಎಂದು ನಾವು ಅಲ್ಲಿಗೇ ಬಿಡುತ್ತೇವೆ. ಹಲ್ಲಿನೊಳಗೆ ನಡೆದದ್ದೇನು ಎಂದು ಕೇಳಿದರೆ ಮಾತು ದೂರ ಹೋಗುತ್ತದೆ. ಹಲ್ಲಿನ ಖನಿಜವೂ ಅಪಟೈಟ್ ಜಾತಿಯದೇ. ಆದರೆ ಅದನ್ನು ಬೆಳೆಸುವುದು ಜೀವಿಯ ಅಣುಗಳು.

ಜೀವಿಯ ಅಣುಗಳು ಹರಳನ್ನು ಹೇಗೆ ರೂಪಿಸುತ್ತವೆ ಎಂಬ ವಿಜ್ಞಾನದ ಆರಂಭದಲ್ಲಿ ಒಂದು ಅಂಟು ಇದೆ. ಜಾಲಿ ಜಾತಿಯ ಮರದ ಅಂಟು ಬೆರೆತ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಚೂಪು ಮೂಲೆಯ ಹರಳಾಗದೆ ದುಂಡಗೆ ಕಟ್ಟಿಕೊಳ್ಳುತ್ತದೆ ಎಂದು ಲಂಡನ್ನಿನ ಅಂಗರಚನಾ ತಜ್ಞ ಜಾರ್ಜ್ ರೇನಿ 1858ರ ಪುಸ್ತಕದಲ್ಲಿ ತೋರಿಸಿದ. ಏಕೆ ಹೀಗೆ ಎಂದು ಹೇಳುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ.

ತಿರುವು ಬಂದದ್ದು 1960ರ ದಶಕದ ಆರಂಭದಲ್ಲಿ. ಮೂತ್ರದಲ್ಲಿರುವ ಪೈರೊಫಾಸ್ಫೇಟ್ ಎಂಬ ಪುಟ್ಟ ಅಣು ಕ್ಯಾಲ್ಸಿಯಂ ಲವಣ ಹರಳುಗಟ್ಟುವುದನ್ನು ತಡೆಯುತ್ತದೆ ಎಂದು ಹರ್ಬರ್ಟ್ ಫ್ಲೈಶ್ ಮತ್ತು ಸಂಗಡಿಗರು ಕಂಡರು. ಮೂಳೆ ಸವೆತಕ್ಕೆ ಇಂದು ಕೊಡುವ ಬಿಸ್‌ಫಾಸ್ಫೊನೇಟ್ ಮಾತ್ರೆಗಳ ಬೇರು ಇಲ್ಲಿದೆ. ಅಲ್ಲಿಂದ ಪ್ರಶ್ನೆಯೇ ಮಗುಚಿಕೊಂಡಿತು: ಮೈಯಲ್ಲಿ ಹರಳು ಕಟ್ಟುವುದೇಕೆ ಎನ್ನುವುದರ ಜೊತೆಗೆ, ಎಲ್ಲೆಂದರಲ್ಲಿ ಕಟ್ಟದಿರುವುದೇಕೆ?

ಅಣುಗಳು ಹರಳನ್ನು ಹತೋಟಿಯಲ್ಲಿಡುತ್ತವೆ ಎಂಬ ಈ ಅರಿವಿಗೆ ವಿಜ್ಞಾನಿಗಳಾದ ಲಿಯಾ ಅದ್ದಾದಿ, ಸ್ಟೀವ್ ವೈನರ್ 1985ರಲ್ಲಿ ಹೆಚ್ಚು ನಿಖರವಾದ ರೂಪ ಕೊಟ್ಟರು. ಚಿಪ್ಪಿನ ಆಮ್ಲೀಯ ಪ್ರೋಟೀನುಗಳು ಹರಳಿನ ಎಲ್ಲ ಮುಖಗಳಿಗೂ ಅಂಟುವುದಿಲ್ಲ, ಜೋಡಣೆ ತಾಳೆಯಾಗುವ ಮುಖವನ್ನೇ ಆರಿಸುತ್ತವೆ. ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಕ್ಯಾಲ್ಸೈಟ್ ಆಗಬೇಕೋ ಅರಗೊನೈಟ್ ಆಗಬೇಕೋ ಎಂಬುದನ್ನೂ ಪ್ರೋಟೀನು ನಿರ್ಧರಿಸಬಲ್ಲದು ಎಂದು 1996ರಲ್ಲಿ ಎರಡು ತಂಡಗಳು ತೋರಿಸಿದವು.

ನಮ್ಮ ರಾಜ್ಯಕ್ಕೂ ಇದರ ಎಳೆಗಳಿವೆ. ಮಲೆನಾಡಿನ ಉಪ್ಪಾಗೆ ಹಣ್ಣಿನಲ್ಲಿರುವ ಹೈಡ್ರಾಕ್ಸಿಸಿಟ್ರೇಟ್, ಮೂತ್ರಪಿಂಡದ ಕಲ್ಲಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳನ್ನು ತಡೆಯುವುದಷ್ಟೇ ಅಲ್ಲ, ಕೆಲವು ಸನ್ನಿವೇಶಗಳಲ್ಲಿ ಕರಗಿಸುತ್ತದೆ ಎಂಬ ಪ್ರಯೋಗಾಲಯದ ಫಲಿತಾಂಶ 2016ರಲ್ಲಿ ಅಮೆರಿಕದಿಂದ ಬಂತು. (ಇದನ್ನು ಓದಿ ಯಾರೂ ಉಪ್ಪಾಗೆ ಕಷಾಯಕ್ಕೆ ಕೈ ಹಾಕಬೇಡಿ, ಗಾಜಿನ ತಟ್ಟೆ ಬೇರೆ, ಮನುಷ್ಯ ಬೇರೆ.) 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ಸಂಶೋಧಕರು ಚಂದ್ರನ ಮಣ್ಣಿನಂಥ ಪುಡಿಗೆ ಯೂರಿಯಾ, ಬ್ಯಾಕ್ಟೀರಿಯಾ ಬೆರೆಸಿ, ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿಸಿ ಇಟ್ಟಿಗೆ ಮಾಡಿದರು. ಅದಕ್ಕೆ ಹಾಕಿದ ಅಂಟು ಗೌರ್ ಗಮ್, ಅಂದರೆ ಲಕ್ಷ್ಮೇಶ್ವರದ ಕಡೆ ಪಲ್ಯ ಮಾಡುವ ಚವಳಿಕಾಯಿಯ ಬೀಜದ್ದು.

ನನ್ನ ಮಟ್ಟಿಗೆ ಚಿಪ್ಪಿಗಿಂತಲೂ ಇಟ್ಟಿಗೆಗಿಂತಲೂ ಹಿರಿದಾದ ಕಥೆ ಹಲ್ಲಿನದು. ಹಲ್ಲಿನ ಹೊರಪದರವಾದ ಎನಾಮಲ್ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಆದರೆ ಶುರುವಿನಲ್ಲಿ ಅದು ಮೆತ್ತಗಿನ ಪ್ರೋಟೀನು. ಅದರ ಬಹುಪಾಲು ಅಮೆಲೋಜೆನಿನ್. ಸ್ಲ್ಯಾಬ್ ಹಾಕುವಾಗಿನ ಸೆಂಟ್ರಿಂಗಿನಂತೆ ಅದು ತೆಳ್ಳನೆಯ ಹರಳುಗಳನ್ನು ಸಾಲಾಗಿ ಹಿಡಿದು ಉದ್ದಕ್ಕೆ ಬೆಳೆಯಲು ಬಿಡುತ್ತದೆ. ಆಮೇಲೆ ಎಂಎಂಪಿ-20, ಕೆಎಲ್‌ಕೆ-4 ಎಂಬ ಕಿಣ್ವಗಳು ಅದನ್ನು ತುಂಡರಿಸುತ್ತವೆ, ಜೀವಕೋಶಗಳು ತುಣುಕುಗಳನ್ನು ಹೀರಿಕೊಳ್ಳುತ್ತವೆ, ಖಾಲಿಯಾದ ಜಾಗಕ್ಕೆ ಹರಳು ದಪ್ಪವಾಗಿ ತುಂಬಿಕೊಳ್ಳುತ್ತದೆ. ಫ್ಲೋರೈಡ್ ಹೆಚ್ಚಾದಾಗ ಈ ತೆರವು ತಡವಾಗುತ್ತದೆ ಎಂದು 1980ರ ದಶಕದಲ್ಲಿ ಇಲಿಗಳ ಹಲ್ಲಿನ ಮೇಲೆ ನಡೆದ ಅಧ್ಯಯನಗಳು ತೋರಿಸಿದವು. ಫ್ಲೋರೈಡ್ ಸೇರಿದ ಹರಳು ಪ್ರೋಟೀನನ್ನು ಬಿಗಿಯಾಗಿ ಹಿಡಿಯುತ್ತದೆ ಎಂಬುದು ಒಂದು ವಿವರಣೆ. ಕಿಣ್ವದ ಕೆಲಸವೇ ಕುಗ್ಗುತ್ತದೆ ಎಂಬುದು ಇನ್ನೊಂದು. ಹೇಗಾದರೂ ಮೇಲ್ಪದರದಡಿ ರಂಧ್ರಗಳು ಉಳಿಯುತ್ತವೆ. ಕಂದು ಬಣ್ಣ ಹಲ್ಲು ಮೂಡಿದ ಮೇಲೆ ಹೊರಗಿನಿಂದ ಅಲ್ಲಿಗೆ ಇಳಿದದ್ದು.

ಫ್ಲೋರೈಡಿನಿಂದಾಗುವ ಈ ಕಾಯಿಲೆಯ ಹೆಸರು ಫ್ಲೋರೋಸಿಸ್. ಮದ್ರಾಸ್ ಪ್ರಾಂತದಲ್ಲಿ ಅದರ ಹಾವಳಿಯ ಬಗ್ಗೆ ಷಾರ್ಟ್ ಮತ್ತು ಸಂಗಡಿಗರು 1937ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಕಾರಣ ತಿಳಿದು ಇಷ್ಟು ಕಾಲವಾದರೂ ಕೆಟ್ಟ ಎನಾಮಲನ್ನು ದೇಹ ತಾನಾಗಿ ಮತ್ತೆ ಕಟ್ಟಲಾರದು, ಏಕೆಂದರೆ ಹಲ್ಲು ಮೂಡುವ ಹೊತ್ತಿಗೆ ಅದನ್ನು ಕಟ್ಟಿದ ಜೀವಕೋಶಗಳೇ ಉಳಿದಿರುವುದಿಲ್ಲ. ಬುದ್ಧಿಹಲ್ಲು ಬಿಟ್ಟರೆ ಉಳಿದ ಶಾಶ್ವತ ಹಲ್ಲುಗಳ ಎನಾಮಲ್ ಸುಮಾರು ಎಂಟು ವರ್ಷದೊಳಗೆ ಸಿದ್ಧವಾಗಿರುತ್ತದೆ. ತುಂಗಭದ್ರೆಯ ನೀರಾಗಲಿ ಶುದ್ಧೀಕರಣ ಘಟಕದ ನೀರಾಗಲಿ ಊರಿಗೆ ಬಂದಾಗ ಮೊದಲ ಕೊಡ ಹೋಗಬೇಕಾದದ್ದು ಅಂಗನವಾಡಿಗೆ.