ಕಚ್ಚಿದ ನಾಯಿಗೆ ಗೆಲುವಿಲ್ಲ

ನನ್ನ ತಂಗಿಯ ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಹೋದ ಸಲ ಊರಿಗೆ ಬಂದಾಗ ಜಗಲಿಯ ಮೇಲೆ ಕೂತು ಅಲ್ಲಿಯ ಒಂದು ಪಂದ್ಯದ ವಿಷಯ ಹೇಳಿದ. ಬಯಲಿನಲ್ಲಿ ಮೂರು ದನ, ಒಂದು ನಾಯಿ, ಒಬ್ಬ ಮನುಷ್ಯ. ನಾಯಿ ಆ ದನಗಳನ್ನು ಚದುರಿಸದೆ, ಬೆದರಿಸದೆ, ಒಂದು ಸೇತುವೆ ದಾಟಿಸಿ, ಕೊನೆಗೆ ದೊಡ್ಡಿಗೆ ಸೇರಿಸಬೇಕು. ಅದೂ ಇಂತಿಷ್ಟು ನಿಮಿಷದೊಳಗೆ. ಹೇಳಿ ಮುಗಿಸಿ, "ಮಾವ, ನಮ್ಮ ಕಡೆ ಇಂಥದ್ದು ಇರಲಿಲ್ಲವಾ?" ಎಂದು ಕೇಳಿದ.

ಇರಲಿಲ್ಲ. ನಮ್ಮ ಜಡಿಗೇನಹಳ್ಳಿಯಲ್ಲಿ ನಾಯಿಗಳಿಗೇನೂ ಬರವಿರಲಿಲ್ಲ. ಕಣ ಕಾಯುತ್ತಿದ್ದವು, ರಾತ್ರಿ ಕೊಟ್ಟಿಗೆಯ ಬಾಗಿಲಲ್ಲಿ ಮಲಗುತ್ತಿದ್ದವು, ಬೆಳಿಗ್ಗೆ ದನದ ಹಿಂದೆ ಕೆರೆಯಂಗಳದವರೆಗೂ ಬರುತ್ತಿದ್ದವು. ಆದರೆ ದನ ಹೊಡೆಯುವ ಕೆಲಸ ಅವುಗಳದಲ್ಲ, ನಮ್ಮಂಥ ಹುಡುಗರದು. ಹೊಸಕೋಟೆ ತಾಲ್ಲೂಕಿನಲ್ಲಿ ಹೋಬಳಿ ಎನ್ನಿಸಿಕೊಂಡ ಊರು ನಮ್ಮದು. ಆದರೂ ಆಗ ದನ ಕಾಯದ ಹುಡುಗ ಸಿಗುವುದು ಕಷ್ಟವಿತ್ತು. ಶಾಲೆಯಲ್ಲಿ ಕಲಿತದ್ದಕ್ಕಿಂತ ಮೊದಲೇ ನಾನು ಕಲಿತ ವಿದ್ಯೆ ಅದು. ಆದ್ದರಿಂದ ಹುಡುಗನ ಮಾತು ನನಗೆ ಹಿಡಿಸಿತು. ಅವನು ಹೋದಮೇಲೆ ಆ ಪಂದ್ಯಗಳ ನಿಯಮಗಳನ್ನು ಹುಡುಕಿ ಓದಿದೆ.

ಇದರ ಬೇರು ಕುರಿಗಳಲ್ಲಿದೆ. ಬ್ರಿಟನ್ನಿನಲ್ಲಿ ಕುರಿನಾಯಿಗಳ ಮೊದಲ ಪಂದ್ಯವೆಂದು ಹೆಸರಾದದ್ದು 1873ರಲ್ಲಿ ವೇಲ್ಸ್ ದೇಶದ ಬಾಲಾ ಎಂಬಲ್ಲಿ ನಡೆಯಿತು. ಗೆದ್ದವನು ಅಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಥಾಮ್ಸನ್, ಅವನ ನಾಯಿ ಟ್ವೀಡ್. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಹುಟ್ಟಿತು. ಅದರ ಪಂದ್ಯದಲ್ಲಿ ಒಟ್ಟು 100 ಅಂಕ. ನಾಯಿ ಸುತ್ತು ಹಾಕಿ ಮಂದೆಯ ಹಿಂದಕ್ಕೆ ಹೋಗುವುದಕ್ಕೆ 20, ಮಂದೆಯನ್ನು ಮೊದಲು ಕದಲಿಸುವ ಆ ಒಂದು ಗಳಿಗೆಗೆ 10, ಯಜಮಾನನತ್ತ ತರುವುದಕ್ಕೆ 20, ಅಟ್ಟಿಕೊಂಡು ಹೋಗುವುದಕ್ಕೆ 30, ಮಂದೆಯಿಂದ ಬೇರ್ಪಡಿಸುವುದಕ್ಕೆ 10, ದೊಡ್ಡಿಗೆ ಕೂಡುವುದಕ್ಕೆ 10. ಕದಲಿಸುವ ಗಳಿಗೆಗೆ ಪ್ರತ್ಯೇಕ ಅಂಕವಿಟ್ಟಿದ್ದಾರಲ್ಲ, ಅದನ್ನು ಬರೆದವನು ಖಂಡಿತ ಮಂದೆ ಕಾಯ್ದವನೇ. ಮೊದಲ ಹೆಜ್ಜೆಯಲ್ಲಿ ಬೆದರಿದ ದನ ಸಂಜೆಯವರೆಗೂ ನೆಟ್ಟಗಾಗುವುದಿಲ್ಲ ಎಂಬುದು ನಮಗೂ ಗೊತ್ತಿತ್ತು.

ಇನ್ನೊಂದು ನಿಯಮದ ಹತ್ತಿರ ನಾನು ಬಹಳ ಹೊತ್ತು ನಿಂತೆ. ನಾಯಿ ಕುರಿಗೆ ಬಾಯಿ ಹಾಕಿ ಹಿಡಿದರೆ ತೀರ್ಪುಗಾರ ಆ ಓಟವನ್ನೇ ಅಲ್ಲಿಗೆ ನಿಲ್ಲಿಸಬಹುದು. ಅಲ್ಲಿಯವರೆಗೆ ಗಳಿಸಿದ ಅಂಕವೆಲ್ಲ ನೀರಿಗೆ ಹೋದಂತೆ. ದನದ ವಿಷಯದಲ್ಲಿ ಸ್ವಲ್ಪ ಸಡಿಲವಿದೆ. ಆಸ್ಟ್ರೇಲಿಯಾದಲ್ಲಿ 19ನೇ ಶತಮಾನದಲ್ಲಿ ಥಾಮಸ್ ಹಾಲ್ ಎಂಬಾತ ಕಾಡುನಾಯಿ ಡಿಂಗೋವನ್ನು ಬೆರಸಿ ಎಬ್ಬಿಸಿದ ತಳಿ ಹಿಮ್ಮಡಿಗೆ ಬಾಯಿ ಹಾಕಿಯೇ ದನವನ್ನು ನಡೆಸುವಂಥದ್ದು. ಮೊಂಡು ಹೋರಿಗೆ ಕಾಲಿನ ಬುಡದಲ್ಲಿ ಒಮ್ಮೆ ಬಾಯಿ ತಾಗಿಸಿದರೆ ಕ್ಷಮೆಯುಂಟು. ಹಿಡಿದು ಜೋತುಬಿದ್ದರೆ ಇಲ್ಲ. ಅಂದರೆ ನೋವು ಕೊಡಬಾರದೆಂಬುದು ಆಟದ ಆಚೆಗಿನ ಉಪದೇಶವಲ್ಲ. ಲೆಕ್ಕದ ಒಳಗೇ ಅದು ಕೂತಿದೆ. ಹಿಂಸೆ ಮಾಡಿದವನು ಸೋಲುತ್ತಾನೆ, ಅಷ್ಟೆ.

ನಮ್ಮಲ್ಲಿ ದನದ ವೇಗಕ್ಕೆ ಬೆಲೆ ಬಂದದ್ದು ಆಟದಿಂದಲ್ಲ, ಯುದ್ಧದಿಂದ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಈ ಎತ್ತುಗಳ ಬಲದಿಂದಲೇ ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಹೋದನೆಂದು ಮೈಸೂರು ಗೆಜೆಟಿಯರಿನಲ್ಲಿದೆ. ಟಿಪ್ಪು ಈ ಇಲಾಖೆಗೆ ಹುಕುಂನಾಮೆ ಬರೆಸಿದ. 1799ರ ನಂತರ ಬಂದ ಇಂಗ್ಲಿಷರೂ ಅದನ್ನೇ ಇಟ್ಟುಕೊಂಡರು. ಕಾವಲುಗಳಲ್ಲಿ ಅರೆಕಾಡಾಗಿ ಬೆಳೆದ ಆ ದನಗಳ ಹತ್ತಿರ ಹೊಸಬರು ಸುಳಿಯುವಂತಿರಲಿಲ್ಲ. ಅವು ಕೇಳುತ್ತಿದ್ದದ್ದು ತಮ್ಮ ಸೇರ್ವೆಗಾರರ ಮಾತನ್ನು ಮಾತ್ರ. ಅಮೃತಮಹಲಿನ ಹತ್ತಿರದ ನಂಟ ನಮ್ಮ ಹಳ್ಳಿಕಾರ್. ನಮ್ಮಪ್ಪ ಕಟ್ಟಿದ್ದು ಅದೇ.

1974ರ ಬೇಸಿಗೆ. ಪಕ್ಕದ ಊರೊಂದರ ಒಣಗಿದ ಕೆರೆಯಂಗಳದಲ್ಲಿ ಎತ್ತಿನಗಾಡಿ ಓಟ ಇಟ್ಟಿದ್ದರು. ನಮ್ಮಪ್ಪನಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಆಸೆಯಿದ್ದದ್ದು ನನ್ನ ಚಿಕ್ಕಪ್ಪನಿಗೆ. ಮೂರು ದಿನ ಬೆನ್ನು ಬಿದ್ದು ಒಪ್ಪಿಸಿದ. ಅಪ್ಪ ಒಂದೇ ಮಾತು ಹೇಳಿದ್ದು: "ಬಾಯಲ್ಲಿ ಓಡಿಸು, ಕೋಲಲ್ಲಿ ಬೇಡ." ಚಿಕ್ಕಪ್ಪ ಹೂಂ ಎಂದ. ಅಲ್ಲಿದ್ದ ನಿಯಮಗಳು ನನಗೆ ಈಗಲೂ ನೆನಪಿವೆ, ಏಕೆಂದರೆ ಇದ್ದದ್ದೇ ಎರಡು. ಗಾಡಿಗಳು ಒಂದನ್ನೊಂದು ಅಡ್ಡಗಟ್ಟಬಾರದು. ಹಗ್ಗ ಮೊದಲು ದಾಟಿದ ಜೋಡಿಗೆ ಬಹುಮಾನ. ಹಿರಿಯರೆಲ್ಲ ಹಗ್ಗದ ಹತ್ತಿರ ಸಾಲಾಗಿ ನಿಂತು ಯಾವ ಎತ್ತಿನ ಹಣೆ ಮೊದಲು ಬಂತೆಂದು ನೋಡುತ್ತಿದ್ದರು. ಓಟದ ದಾರಿಯುದ್ದಕ್ಕೂ ಏನಾಗುತ್ತದೆಂದು ನೋಡುವವರು ನಮ್ಮಂಥ ಹುಡುಗರು ಬಿಟ್ಟರೆ ಯಾರೂ ಇರಲಿಲ್ಲ.

ನಾವು ಗೆದ್ದೆವು. ಬಹುಮಾನ ಒಂದು ಹಿತ್ತಾಳೆ ಬಿಂದಿಗೆ. ಚಿಕ್ಕಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರು, ನಾನೂ ಕುಣಿದೆ. ಸಂಜೆ ಬಾವಿಯ ಹತ್ತಿರ ಎತ್ತು ತೊಳೆಯುವಾಗ ಬಲಗೋಲಿನ ಎತ್ತಿನ ಚಪ್ಪೆಯಿಂದ ಇಳಿದ ನೀರು ಕೆಂಪಗಿತ್ತು. ಅಪ್ಪ ಕೋಲು ತರಿಸಿ ನೋಡಿದರು. ತುದಿಗೆ ಒಂದು ಮೊಳೆ, ಮೇಲೆ ಬಟ್ಟೆ ಸುತ್ತಿ ಮರೆಮಾಡಿತ್ತು. ಅಪ್ಪ ಬೈಯಲಿಲ್ಲ. ಮೊಳೆ ಕಿತ್ತು ಬಾವಿಯೊಳಕ್ಕೆ ಹಾಕಿ, ಅರಿಸಿನ ಎಣ್ಣೆ ಕಾಯಿಸಲು ಒಳಗೆ ಹೋದರು. ಅಣ್ಣತಮ್ಮಂದಿರು ಸರಿಯಾಗಿ ಮಾತಾಡಿದ್ದು ಮತ್ತೆ ರಾಗಿ ಕುಯ್ಲಿನ ಹೊತ್ತಿಗೆ. ನಾನು ಓಟದ ನಡುವೆ ಆ ಕೋಲು ಏಳುವುದು, ಎತ್ತು ಬೆನ್ನು ಬಾಗಿಸುವುದು, ಎಲ್ಲ ಕಂಡಿದ್ದೆ. ಹೇಳಲಿಲ್ಲ. ಗೆಲ್ಲಲಿ ಎಂದು ನನಗೂ ಇತ್ತು.

ದೊಡ್ಡವನಾದ ಮೇಲೆ ತಿಳಿದ ಸಂಗತಿಯೆಂದರೆ, ಆ ಮೊಳೆ ಆಗಲೇ ಕಾನೂನಿಗೆ ವಿರುದ್ಧವಾಗಿತ್ತು. ಪ್ರಾಣಿಹಿಂಸೆ ತಡೆಯ ಕಾಯಿದೆ 1960ರದು. ಅದರಡಿ 1965ರಲ್ಲಿ ಬಂದ ಭಾರ ಎಳೆಯುವ ಪ್ರಾಣಿಗಳ ನಿಯಮಗಳಲ್ಲಿ ಮುಳ್ಳು, ಮೊಳೆ ಇರುವ ಕೋಲು ಬಳಸಕೂಡದೆಂದು ಸ್ಪಷ್ಟವಾಗಿದೆ. ಒಂಬತ್ತು ವರ್ಷದಲ್ಲಿ ಆ ನಿಯಮ ದೆಹಲಿಯಿಂದ ನಮ್ಮ ಕೆರೆಯಂಗಳಕ್ಕೆ ಬಂದು ತಲುಪಿರಲಿಲ್ಲ. ತಲುಪಿದ್ದರೂ ಹಗ್ಗದ ಹತ್ತಿರ ನಿಂತವರ ಕಣ್ಣು ಎತ್ತಿನ ಚಪ್ಪೆಯ ಕಡೆಗೆ ತಿರುಗುತ್ತಿತ್ತೆಂದು ನಂಬಿಕೆಯಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ. 2011ರಲ್ಲಿ ಕೇಂದ್ರ ಸರ್ಕಾರ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಗಾಡಿ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ತಂದು ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಗಳಿಗೆ ದಾರಿ ಮಾಡಿತು; ಪ್ರಾಣಿಗೆ ಅನಗತ್ಯ ನೋವಾಗಬಾರದೆಂಬುದು ಷರತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಓಟ ಇರಬೇಕೇ ಬೇಡವೇ ಎಂದು ಇಷ್ಟು ವರ್ಷ ವಾದ ನಡೆಯಿತು. ಹೇಗೆ ಗೆಲ್ಲಬೇಕು ಎಂಬುದರ ಮೇಲೆ ಅದರಲ್ಲಿ ಅರ್ಧದಷ್ಟಾದರೂ ವಾದ ನಡೆದಿದ್ದರೆ ಎತ್ತುಗಳಿಗೆ ಹೆಚ್ಚು ಉಪಯೋಗವಾಗುತ್ತಿತ್ತೇನೋ. ವೇಗವೇ ಗೆಲುವಾಗಬೇಕೆಂದೇನೂ ಇಲ್ಲ. ಕರಾವಳಿಯ ಕಂಬಳದ ಕನೆಹಲಗೆ ವಿಭಾಗದಲ್ಲಿ ಕೋಣ ಎಷ್ಟು ಬೇಗ ಓಡಿತೆಂದು ನೋಡುವುದಿಲ್ಲ. ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ, ಆರೂವರೆ ಕೋಲಿಗೋ ಏಳೂವರೆ ಕೋಲಿಗೋ, ಮುಟ್ಟಿತೇ ಎಂದು ನೋಡುತ್ತಾರೆ. ಏನನ್ನು ಅಳೆಯಬೇಕೆಂಬುದು ನಾವು ಗೊತ್ತುಮಾಡಿಕೊಳ್ಳುವ ವಿಷಯ.

ನಮ್ಮ ಬಯಲುಸೀಮೆಯಲ್ಲೂ ಹಾಗೆ ಅಳೆಯುವ ಒಂದು ಜಾಗವಿತ್ತು, ಅದು ಪಂದ್ಯವೆಂದು ನಮಗೆ ತೋರದಿದ್ದರೂ. ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಆ ವರ್ಷ ಅಲ್ಲಿಗೆ ನಾವು ಜೋಡಿಯನ್ನು ಹೊಡೆದುಕೊಂಡು ಹೋದೆವು, ಎರಡು ದಿನದ ನಡಿಗೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಅಲ್ಲಿ ವಯಸ್ಸಿನ ಲೆಕ್ಕ. ನಮ್ಮವು ಆರು ಹಲ್ಲಿನವು, ಬೆಳ್ಳಗೆ, ಕೊಂಬು ಒಂದೇ ಅಚ್ಚಿನಲ್ಲಿ ಹೊಯ್ದಂತೆ. ಬಂದವರು ಮೊದಲು ಬಾಯಿ ಬಿಡಿಸುತ್ತಿದ್ದರು.

ಮಂಡ್ಯದ ಕಡೆಯ ಒಬ್ಬ ಮುದುಕ ಮಾತ್ರ ಬಾಯಿಗೆ ಕೈ ಹಾಕಲಿಲ್ಲ. ಹಿಂದಿನಿಂದ ಬಂದು ಎಡಗೋಲಿನದರ ಬೆನ್ನಿನಿಂದ ತೊಡೆಯವರೆಗೂ ಅಂಗೈ ಆಡಿಸಿದ, ಆಮೇಲೆ ಬಲಗೋಲಿನದು. ಚಪ್ಪೆಯ ಮೇಲೆ ಕೂದಲು ಮತ್ತೆ ಹುಟ್ಟದ, ಕಡಲೆಯಷ್ಟು ಅಗಲದ ಜಾಗಕ್ಕೆ ಬಂದು ಅವನ ಬೆರಳು ನಿಂತಿತು. ಅಪ್ಪನ ಮುಖ ನೋಡಿದ.

"ಓಟಕ್ಕೆ ಕಟ್ಟಿದ್ರಾ ಗೌಡ್ರೇ?"

"ಒಂದು ಸಲ," ಎಂದರು ಅಪ್ಪ.

ಮುದುಕ ಮತ್ತೇನೂ ಕೇಳಲಿಲ್ಲ. ಟವಲಿನ ಕೆಳಗೆ ಇಬ್ಬರೂ ಕೈಗೆ ಕೈ ಕೊಟ್ಟರು. ಬೆರಳ ಮೇಲೆ ಅವನು ಮುಟ್ಟಿಸಿದ ಬೆಲೆ ಎಷ್ಟೆಂದು ನನಗೆ ಕಾಣಲಿಲ್ಲ. ಬೆಳಗಿನಿಂದ ಬಂದ ದಲ್ಲಾಳಿಗಳೆಲ್ಲ ಹೇಳಿದ್ದಕ್ಕಿಂತ ಕಡಿಮೆಯೆಂದು ಅಪ್ಪ ಆಮೇಲೆ ಅಮ್ಮನಿಗೆ ಹೇಳಿದರು. ಆದರೂ ಜೋಡಿಯನ್ನು ಅವನಿಗೇ ಕೊಟ್ಟು ಬಂದರು.