ಪಾಸ್‌ಬುಕ್ ಯಾರ ಹೆಸರಿನಲ್ಲಿ?

ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನು ಚರಿತ್ರೆ ಹೇಳಲು ಹೊರಟರೆ ಲೆಕ್ಕದ ಪುಸ್ತಕದ ಕಡೆಯಿಂದಲೇ ಹೇಳಬೇಕಾಗುತ್ತದೆ. ಹಣ ಯಾರ ಹೆಸರಿಗೆ ಬಂತು, ಚೆಕ್ಕಿಗೆ ರುಜು ಹಾಕಿದವರು ಯಾರು ಎಂದು ನೋಡಿದರೆ ಎಷ್ಟೋ ಸಂಗತಿ ತಾನಾಗಿ ತಿಳಿಯುತ್ತದೆ. ಎಚ್.ಐ.ವಿ. ಸೋಂಕಿನ ಜೊತೆಗೆ ಬಂದ ಕಳಂಕವನ್ನೂ, ಅದನ್ನು ತೊಳೆಯಲು ಬಂದ ಹಣವನ್ನೂ ನಾನು ಹಾಗೆಯೇ ನೋಡಿದ್ದೇನೆ.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದಲ್ಲೇ, 1986ರಲ್ಲಿ. ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಸೂಚನೆಯಂತೆ ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಮೈಲಾಪುರದ ಸರ್ಕಾರಿ ರಕ್ಷಣಾಗೃಹಕ್ಕೆ ಹೋಗಿ, ವೇಶ್ಯಾವೃತ್ತಿಯ ಆರೋಪದ ಮೇಲೆ ಅಲ್ಲಿ ಇರಿಸಿದ್ದ ಹೆಂಗಸರ ರಕ್ತ ತೆಗೆದುಕೊಂಡರು. ವೆಲ್ಲೂರಿನಲ್ಲಿ ಪರೀಕ್ಷೆ ನಡೆಯಿತು. ಮೊದಲಿಗೆ ಆರು ಮಂದಿಯಲ್ಲಿ ಸೋಂಕು ಕಂಡಿತು. ರಕ್ತ ಯಾತಕ್ಕೆ ಎಂದು ಆ ಹೆಂಗಸರಿಗೆ ಹೇಳಿರಲಿಲ್ಲ. ವೈದ್ಯರ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಕ್ತ ಕೊಟ್ಟವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರಂಥವರಿಂದಲೇ ರೋಗ ಬಂತೆಂಬ ಅಪವಾದ ಮಾತ್ರ ಉಳಿಯಿತು.

ಹಣ ಬಂದದ್ದು ಆಮೇಲೆ. 1992ರಲ್ಲಿ ವಿಶ್ವ ಬ್ಯಾಂಕಿನಿಂದ 8 ಕೋಟಿ 40 ಲಕ್ಷ ಡಾಲರ್ ಸಾಲ ಪಡೆದು ಕೇಂದ್ರ ಸರ್ಕಾರ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. 1994ರಲ್ಲಿ ತಮಿಳುನಾಡು ಇದಕ್ಕೆಂದೇ ಬೇರೆ ಸಂಘ ನೋಂದಾಯಿಸಿತು. ದೇಶದಲ್ಲಿ ಅಂಥದು ಅದೇ ಮೊದಲು. ಗೋಡೆಬರಹ, ನಾಟಕ, ಲಾರಿ ಚಾಲಕರಿಗೆ ತಿಳಿವಳಿಕೆ, ಎಲ್ಲವೂ ನಡೆದವು. 2003ರ ಸುಮಾರಿಗೆ ತಮಿಳಿನಲ್ಲಿ ಬಂದ ‘ಪುಳ್ಳಿರಾಜಾ’ ಜಾಹೀರಾತು ತಮ್ಮಲ್ಲಿ ಹಲವರಿಗೆ ಇನ್ನೂ ನೆನಪಿದ್ದೀತು. ಜನರಿಗೆ ರೋಗದ ಹೆಸರು ತಿಳಿಯಿತು. ಹೆಸರಿನ ಜೊತೆ ಭಯವೂ ಮನೆಯೊಳಗೆ ಬಂತು.

ಆ ಭಯ ನನ್ನೊಳಗೂ ಇತ್ತು. 1997ರಲ್ಲಿ ನಾನು ಕೆಲಸದಲ್ಲಿದ್ದ ಶಾಖೆಗೆ ಒಬ್ಬ ಹೆಂಗಸು ಉಳಿತಾಯ ಖಾತೆ ತೆರೆಯಲು ಬಂದಳು. ಗಂಡ ಲಾರಿ ಓಡಿಸುತ್ತಿದ್ದವನು, ತೀರಿಕೊಂಡಿದ್ದ. ಯಾವ ಕಾಯಿಲೆ ಎಂದು ಊರಿಗೆಲ್ಲ ಗೊತ್ತಿತ್ತು. ಆಗ ಖಾತೆ ತೆರೆಯಲು ಹಳೆಯ ಖಾತೆದಾರರೊಬ್ಬರ ಪರಿಚಯದ ರುಜು ಬೇಕು. ಅವಳಿಗೆ ಯಾರೂ ಹಾಕಲಿಲ್ಲ. “ನೀವೇ ಒಂದು ರುಜು ಹಾಕಿಕೊಡಿ ಸಾರ್” ಎಂದಳು. ನನಗೂ ಅಲ್ಲಿ ಖಾತೆಯಿತ್ತು, ಹಾಕಬಹುದಿತ್ತು. ನಾಳೆ ಬಾ ಎಂದೆ. ಅವಳು ಹಿಡಿದಿದ್ದ ಪೆನ್ನನ್ನು ಆಮೇಲೆ ನಾನು ಮುಟ್ಟಲಿಲ್ಲ. ಅವಳು ಮತ್ತೆ ಬರಲೂ ಇಲ್ಲ.

ನಾನು ಹೀಗೆ ಕೈ ಹಿಂತೆಗೆದುಕೊಳ್ಳುವ ಎರಡು ವರ್ಷ ಮೊದಲೇ, 1995ರಲ್ಲಿ, ಕಲ್ಕತ್ತೆಯ ಸೋನಾಗಾಛಿಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು ‘ಉಷಾ’ ಎಂಬ ತಮ್ಮದೇ ಸಹಕಾರ ಸಂಘ ಕಟ್ಟಿದ್ದರು. ಡಾ. ಸ್ಮರಜಿತ್ ಜಾನಾ 1992ರಲ್ಲಿ ಆರಂಭಿಸಿದ ಆರೋಗ್ಯ ಯೋಜನೆಯಿಂದ ಬೆಳೆದದ್ದು ಅದು. ಸದಸ್ಯರು ಸನ್ನಡತೆಯವರಾಗಿರಬೇಕೆಂಬ ನಿಯಮ ಅಡ್ಡ ಬಂತು. ಸುಳ್ಳು ವೃತ್ತಿ ಬರೆದು ನುಸುಳಿಕೊಳ್ಳಬಹುದಿತ್ತು. ಅವರು ಒಪ್ಪದೆ, ಸರ್ಕಾರವೇ ನಿಯಮ ಸಡಿಲಿಸುವಂತೆ ಮಾಡಿದರು. ಇದನ್ನು ಬಹಳ ತಡವಾಗಿ ಓದಿದಾಗ ನನಗೆ ಆ ಪೆನ್ನು ನೆನಪಾಯಿತು.

ನಮ್ಮ ಹತ್ತಿರದ ನಾಮಕ್ಕಲ್ಲಿನ ಕೌಸಲ್ಯಾ ಎಂಬವರು ಗಂಡನಿಂದ ಸೋಂಕು ಪಡೆದವರು. ಹೆಸರು ಮುಖ ಮುಚ್ಚದೆ ಎದುರಿಗೆ ಬಂದು, 1998ರಲ್ಲಿ ಚೆನ್ನೈನಲ್ಲಿ ಇತರ ಸೋಂಕಿತ ಮಹಿಳೆಯರೊಂದಿಗೆ ಸಂಘ ಕಟ್ಟಿದರು. ಇತ್ತ ಮೈಸೂರಿನಲ್ಲಿ, ಅಮೆರಿಕದ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯ ಹಣದಿಂದ 2004ರಲ್ಲಿ ಕೆಲಸ ಶುರುವಾಯಿತು. ಮರುವರ್ಷವೇ ಅಲ್ಲಿನ ಲೈಂಗಿಕ ವೃತ್ತಿಯವರು ‘ಆಶೋದಯ ಸಮಿತಿ’ ಎಂದು ತಮ್ಮ ಸಂಘ ನೋಂದಾಯಿಸಿಕೊಂಡರು.

ಮುಂದೆ 2008ರಲ್ಲಿ ವಿಶ್ವ ಬ್ಯಾಂಕ್ ಮತ್ತು ಅದರ ಜೊತೆಗಾರರು ದಕ್ಷಿಣ ಏಷ್ಯಾದ ದೇಶಗಳಿಂದ ಅರ್ಜಿ ಕರೆದರು. ವಿಷಯ ಒಂದೇ: ಎಚ್.ಐ.ವಿ. ಕಳಂಕ ಕಡಿಮೆ ಮಾಡಲು ನಿಮ್ಮಲ್ಲೇ ಏನು ಉಪಾಯವಿದೆ? ಮುಂಬೈಯಲ್ಲಿ 26 ಯೋಜನೆಗಳನ್ನು ಆರಿಸಿದರು. ಒಂದಕ್ಕೆ ಹೆಚ್ಚೆಂದರೆ 40,000 ಡಾಲರ್, ಅಂದಿನ ಲೆಕ್ಕದಲ್ಲಿ 16-17 ಲಕ್ಷ ರೂಪಾಯಿ. 1992ರ ಸಾಲದ ಮುಂದೆ ಇದು ಚಿಲ್ಲರೆ ಕಾಸು. ಆಯ್ಕೆಯಾದವರಲ್ಲಿ ಮೈಸೂರಿನ ಆಶೋದಯವೂ ಒಂದು. ಅವರು ಭಿತ್ತಿಪತ್ರ ಅಚ್ಚು ಹಾಕಿಸಲಿಲ್ಲ. ಒಂದು ಹೋಟೆಲ್ ತೆರೆದರು. ಅಡುಗೆ, ಬಡಿಸುವುದು, ಗಲ್ಲಾ, ಎಲ್ಲ ಅವರದೇ.

ಈ ಉಪಾಯದ ತೂಕ ನಮ್ಮ ಕಡೆಯವರಿಗೆ ಬೇಗ ಗೊತ್ತಾಗಬೇಕು. ಟೀ ಅಂಗಡಿಯಲ್ಲಿ ಜಾತಿಗೊಂದು ಲೋಟ ಇಟ್ಟ ಸೀಮೆ ಇದು. ಗಂಡ ಸತ್ತ ಮನೆಯಲ್ಲಿ ಸೊಸೆಗೆ ಬೇರೆ ತಟ್ಟೆ ಇಟ್ಟದ್ದನ್ನು ನಾನೇ ನೋಡಿದ್ದೇನೆ. ಒಟ್ಟಿಗೆ ಉಂಡರೆ ಸೋಂಕು ಹರಡುವುದಿಲ್ಲ ಎಂದು ಗೋಡೆಯ ಮೇಲೆ ನೂರು ಸಲ ಬರೆಯಬಹುದು. ಅವರೇ ಮಾಡಿದ ಅನ್ನ ಸಾರನ್ನು ಕಾಸು ಕೊಟ್ಟು ಉಂಡು ಎದ್ದವನಿಗೆ ಆ ಬರಹ ಬೇಕಾಗಿಲ್ಲ.

ಒಂದು ಆಕ್ಷೇಪ ನನಗಿದೆ. ಇಂಥ ಹಣ ಒಂದು ಒಂದೂವರೆ ವರ್ಷದ ಮಾತು. ವರದಿ ಕೊಟ್ಟರೆ ಕಡತ ಮುಗಿಯಿತು. ಸಾಲ ಕೊಟ್ಟ ಬ್ಯಾಂಕು ಕಂತು ತೀರುವವರೆಗೆ ಬಾಗಿಲು ತಟ್ಟುತ್ತದೆ. ಅನುದಾನ ಕೊಟ್ಟವರು ಕೈ ಕುಲುಕಿ ಹೋಗುತ್ತಾರೆ. ಆವಾಹನ್ ಕೂಡ ಸುಮಾರು ಹತ್ತು ವರ್ಷ ನಡೆದು, ಕೆಲಸವನ್ನು ಸರ್ಕಾರಕ್ಕೆ ವಹಿಸಿಕೊಟ್ಟಿತು. ಕಳಂಕಕ್ಕೆ ಅಂಥ ಅವಧಿ ಇಲ್ಲ.

ಈಗ ಕಾಯಿದೆ ಇದೆ. 2017ರಲ್ಲಿ ಆದ ಎಚ್.ಐ.ವಿ. ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಕೆಲಸ, ಚಿಕಿತ್ಸೆ, ಶಾಲೆ, ಬಾಡಿಗೆ ಮನೆ ನಿರಾಕರಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಮೈಲಾಪುರದ ಆ ಹೆಂಗಸರಿಗೆ ಇದು 30 ವರ್ಷ ತಡ. ಔಷಧಿಯಂತೂ 2004ರ ಏಪ್ರಿಲ್‌ನಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಆದರೂ ಈರೋಡಿಗೆ ಹೋದರೆ ಗುರುತಿನವರು ಕಂಡಾರೆಂದು ಗಡಿ ದಾಟಿ ಮೈಸೂರಿನ ಕಡೆ ಹೋಗುವವರನ್ನು ಬಸ್ಸಿನಲ್ಲಿ ಕಂಡಿದ್ದೇನೆ. ಯಾವ ಕಾಯಿಲೆಗೆ ಎಂದು ಪಕ್ಕದವರು ಕೇಳಿದರೆ, ಸಕ್ಕರೆ ಕಾಯಿಲೆ ಎನ್ನುತ್ತಾರೆ.