ಸಿಂಗಾರದ ಹಿಂದಿನ ಸತ್ಯ

ಡಿಸೆಂಬರ್ 28, ಹೆರೋದನ ಕತ್ತಿಗೆ ಬಲಿಯಾದ ಬೆತ್ಲೆಹೇಮಿನ ಮುಗ್ಧ ಹಸುಳೆಗಳನ್ನು ನಾವು ಸ್ಮರಿಸುವ ದಿನ. ಇನ್ನೊಂದು ಯೆಹೂದ್ಯ ಕುಟುಂಬವನ್ನೂ ಇಂದು ನೆನೆಯೋಣ.

ಟೆರೆಜಿನ್, ಜೆಕ್ ನಾಡಿನ ಕೋಟೆಯೊಳಗಿನ ಪುಟ್ಟ ಊರು. 1941ರಲ್ಲಿ ನಾಜಿಗಳು ಅದನ್ನು ಯೆಹೂದ್ಯರ ಸೆರೆಮನೆಯಾಗಿಸಿದರು. ವ್ಯಂಗ್ಯಚಿತ್ರಕಾರ ಬೆಡ್ರಿಚ್ ಫ್ರಿಟ್ಟಾ ಅಲ್ಲಿ ಅಧಿಕಾರಿಗಳ ಅಪ್ಪಣೆಯಂತೆ ನಕ್ಷೆ ಬರೆದರು. ಗುಟ್ಟಾಗಿ ತಾವು ಕಂಡದ್ದನ್ನೂ ಬರೆದರು: ಕಿಕ್ಕಿರಿದ ಮಂಚಗಳು, ದಿಕ್ಕೆಟ್ಟ ವೃದ್ಧರು, ಬರೀ ತೋರಿಕೆಯ ಅಂಗಡಿಗಳು. 1944ರ ಜೂನ್ 23ರಂದು ರೆಡ್ ಕ್ರಾಸ್ ಪ್ರತಿನಿಧಿಗಳು ಬಂದಾಗ ಊರನ್ನೇ ಸಿಂಗರಿಸಿ ವಂಚಿಸಲಾಗಿತ್ತು. ಜುಲೈನಲ್ಲಿ ಫ್ರಿಟ್ಟಾ ಮಡದಿ, ಮೂರು ವರ್ಷದ ಮಗನೊಂದಿಗೆ ಬಂಧಿತರಾದರು. ಅದೇ ವರ್ಷ ಔಶ್ವಿಟ್ಜ್‌ನಲ್ಲಿ ಮಡಿದರು. ತಾಯಿಯೂ ಉಳಿಯಲಿಲ್ಲ. ತಬ್ಬಲಿ ಕಂದನನ್ನು ಬದುಕುಳಿದ ಸಂಗಾತಿ ಚಿತ್ರಕಾರ ಲಿಯೋ ಹಾಸ್ ಮಗನಾಗಿ ಸ್ವೀಕರಿಸಿದರು. ಹೂತಿಟ್ಟ ಚಿತ್ರಗಳು ಯುದ್ಧಾನಂತರ ಮಣ್ಣಿನಿಂದೆದ್ದು ಸಾಕ್ಷಿ ನುಡಿದವು.

ಹೆರೋದನೂ ಜ್ಯೋತಿಷಿಗಳ ಮುಂದೆ ಭಕ್ತಿಯ ಸೋಗು ಹಾಕಿದ್ದ. ಟೆರೆಜಿನ್‌ನ ಸೋಗು ನಡೆದದ್ದೋ ಶತಮಾನಗಳಿಂದ ಶುಭಸಂದೇಶ ಕೇಳಿದ್ದ ಯುರೋಪಿನಲ್ಲೇ. ಪ್ರಿಯರೇ, ನಮ್ಮ ಗೋದಲಿಯೂ ಬೀದಿಯೂ ದೀಪಗಳಿಂದ ಬೆಳಗುತ್ತಿವೆ. ಆ ಬೆಳಕಿನ ಹಿಂದಿನ ಕಣ್ಣೀರನ್ನು ಕಾಣುವ ಕಣ್ಣು, ತಬ್ಬಲಿಯನ್ನು ತಬ್ಬುವ ತೋಳು ನಮಗಿವೆಯೇ? ಹಸುಳೆಯಾಗಿ ಬಂದ ಪ್ರಭು ಅವನ್ನು ನಮಗೆ ಅನುಗ್ರಹಿಸಲಿ.